ಕಾಗದದಲ್ಲಿ ಅರಳುವ ಕಾಫಿ ಹೂ: ಕ್ರಾಫ್ಟ್ ಪಂಚ್‌ನಿಂದ ಉಬ್ಬು ಅಲಂಕಾರ ಮಾಡುವ ಬಗೆ

ಕಾಗದದ ಹೂ ಅಂಟಿಸಿದ ಶುಭಾಶಯ ಪತ್ರ ಕೈಗೆ ಬಂದರೆ ನಾನು ಮೊದಲು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡುತ್ತೇನೆ. ದಳಗಳು ಕಾರ್ಡಿನಿಂದ ಮೇಲೆದ್ದಿವೆಯೇ, ಅವುಗಳ ಕೆಳಗೆ ಸಣ್ಣದೊಂದು ನೆರಳು ಬಿದ್ದಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಒತ್ತಿದರೆ ಕಾಗದವನ್ನು ಹೂ, ಎಲೆಯ ಆಕಾರದಲ್ಲಿ ಕತ್ತರಿಸುವ ಪುಟ್ಟ ಸಾಧನವೇ ಕ್ರಾಫ್ಟ್ ಪಂಚ್. ಅದರಿಂದ ಉದುರಿದ ಆಕಾರವನ್ನು ಹಾಗೆಯೇ ಅಂಟಿಸಿದರೆ ಸ್ಟಿಕ್ಕರ್‌ನಂತೆ ಚಪ್ಪಟೆಯಾಗಿ ಕೂರುತ್ತದೆ. ಅದೇ ಆಕಾರವನ್ನು ಗುಂಡು ತುದಿಯ ಕಡ್ಡಿಯಿಂದ ತೀಡಿ, ಬಾಗಿಸಿ, ಒಂದರ ಮೇಲೊಂದು ಕೂರಿಸಿದರೆ ನೆರಳು ತಾನಾಗಿ ಬರುತ್ತದೆ. ಒಳ್ಳೆಯ ಅಲಂಕಾರಕ್ಕೆ ಹತ್ತಾರು ಪಂಚ್ ಬೇಕೆಂದು ಹಲವರು ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಮೂರು ಪಂಚ್ ಸಾಕು, ತೀಡುವ ತಾಳ್ಮೆ ಬೇಕು.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಅದು ತೇವ. ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಿನಲ್ಲಿ ಒಂದು ನಾಮಕರಣಕ್ಕೆ 40 ಕಾರ್ಡುಗಳನ್ನು ಮಾಡಿಕೊಟ್ಟಿದ್ದೆ. ರಾತ್ರಿ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಹೂಗಳೆಲ್ಲ ಬಟ್ಟಲಿನಂತೆ ಎದ್ದು ನಿಂತಿದ್ದವು. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಮಲಗಿದ್ದವು. ಹೊರಗೆ ಮಳೆ ಬಿಟ್ಟಿರಲಿಲ್ಲ. ಗೋಡೆಗೆ ತಗುಲಿ ಇಟ್ಟಿದ್ದ ಹಾಳೆಗಳು ಮುಟ್ಟಿದರೆ ಬಟ್ಟೆಯಂತೆ ಮೆತ್ತಗಿದ್ದವು. ಆ ದಿನದಿಂದ ನಾನು ಕಾಗದವನ್ನು ನೋಡುವ ರೀತಿಯೇ ಬದಲಾಯಿತು. ಕಾಗದವೆಂದರೆ ನಾರು. ನಾರು ನೀರನ್ನು ಹೀರಿದಾಗ ಸಡಿಲವಾಗುತ್ತದೆ, ಒಣಗುವಾಗ ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲೇ ಬಿಗಿಯುತ್ತದೆ. ಇದನ್ನು ಅರಿತರೆ ಮಳೆಗಾಲದ ತೇವವನ್ನೇ ಕೆಲಸಕ್ಕೆ ಹಚ್ಚಬಹುದು. ಮೆತ್ತಗಿರುವಾಗ ಬಾಗಿಸಿ, ತಕ್ಷಣ ಬಿಸಿಯಲ್ಲಿ ಒಣಗಿಸಿ. ಈ ಲೇಖನದಲ್ಲಿ ಹೇಳುವ ಎಲ್ಲಕ್ಕೂ ಇದೇ ಆಧಾರ.

ಕಾಗದ ಮತ್ತು ಪಂಚ್

ದಳಗಳಿಗೆ 120ರಿಂದ 160 ಜಿಎಸ್‌ಎಂ ಕಾಗದ ಒಳ್ಳೆಯದು (ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ). ಮಕ್ಕಳ ಡ್ರಾಯಿಂಗ್ ಹಾಳೆ ಬಹುತೇಕ ಈ ದಪ್ಪದಲ್ಲೇ ಸಿಗುತ್ತದೆ. ಜೆರಾಕ್ಸ್ ಹಾಳೆ 70-80 ಜಿಎಸ್‌ಎಂ ಇರುತ್ತದೆ. ಬೇಗ ಬಾಗುತ್ತದೆ, ಅಷ್ಟೇ ಬೇಗ ಬೀಳುತ್ತದೆ. ಎಲೆ ಮತ್ತು ತಳಕ್ಕೆ 200 ಜಿಎಸ್‌ಎಂ ಇರಲಿ. 300ಕ್ಕಿಂತ ದಪ್ಪದ್ದನ್ನು ಸಣ್ಣ ಪಂಚ್‌ಗೆ ಕೊಡಬೇಡಿ, ಅಲಗು ಕಚ್ಚಿ ನಿಲ್ಲುತ್ತದೆ. ಹಳೆಯ ಮದುವೆ ಕರೆಯೋಲೆಗಳನ್ನು ಬಳಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಪ್ಲಾಸ್ಟಿಕ್ ಹೊದಿಕೆ ಇರುವ ಕಾರ್ಡನ್ನು ತೀಡಿದರೆ ಬಾಗುವುದಿಲ್ಲ, ಸೀಳುತ್ತದೆ. ಕೈಕಾಗದ ಚೆಂದ, ಆದರೆ ಅದರ ಉದ್ದನೆಯ ನಾರು ಪಂಚ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಅಡಿಗೆ ಒಂದು ಜೆರಾಕ್ಸ್ ಹಾಳೆ ಸೇರಿಸಿ ಎರಡನ್ನೂ ಒಟ್ಟಿಗೆ ಒತ್ತಿದರೆ ಅಂಚು ಶುದ್ಧವಾಗಿ ಬರುತ್ತದೆ.

ಕಾಗದದಲ್ಲಿ ನಾರು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಓಡುತ್ತದೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಿಸುವಂತೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಯಾವ ಕಡೆ ಸಲೀಸಾಗಿ ಮಣಿಯುತ್ತದೆಯೋ ಆ ಮಡಿಕೆಯ ಗೆರೆಯ ಉದ್ದಕ್ಕೇ ನಾರು ಇದೆ. ಸುತ್ತಲೂ ದಳವಿರುವ ಹೂವಿಗೆ ಇದರ ಚಿಂತೆ ಬೇಡ. ಎಲೆಗೆ ಬೇಕು. ಎಲೆಯ ನಡುನರ ನಾರಿನ ಉದ್ದಕ್ಕೆ ಬರುವಂತೆ ಪಂಚ್ ಇಟ್ಟರೆ ಮಡಿಕೆ ಚೂಪಾಗಿ ಬೀಳುತ್ತದೆ. ಅಡ್ಡಕ್ಕೆ ಬಂದರೆ ಮಡಿಕೆಯಲ್ಲಿ ಬಿಳಿಯ ಬಿರುಕು ಕಾಣುತ್ತದೆ.

ಆರಂಭಿಸುವವರು ಕೊಳ್ಳಬೇಕಾದದ್ದು: 16 ಮಿಲಿಮೀಟರಿನ ಐದು ದಳದ ಹೂ, 25 ಮಿಲಿಮೀಟರಿನ ಎಲೆ, ಮತ್ತು 25 ಮಿಲಿಮೀಟರಿನ ವೃತ್ತ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದಂತಹ ಊರುಗಳ ದೊಡ್ಡ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ ನೋಡಿ, ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ. ಹೂವಿನ ಪಂಚ್ ಆರಿಸುವಾಗ ದಳ ಕಿರಿದಾಗಿರುವುದನ್ನೇ ಹುಡುಕಿ. ಗುಂಡು ದಳದ ಹೂ ಎಲ್ಲೆಡೆ ಸಿಗುತ್ತದೆ, ಆದರೆ ದಳಗಳ ನಡುವೆ ಸಂದು ಇಲ್ಲದಿದ್ದರೆ ಒಂದೊಂದನ್ನೂ ಬೇರೆಯಾಗಿ ಬಾಗಿಸಲು ಆಗುವುದಿಲ್ಲ.

ಒತ್ತುವಾಗ ಪಂಚ್ ಅನ್ನು ತಲೆಕೆಳಗಾಗಿ ಹಿಡಿದರೆ ಅಲಗು ಎಲ್ಲಿ ಬೀಳುತ್ತದೆ ಎಂದು ಕಾಣುತ್ತದೆ, ಹಾಳೆಯೂ ಉಳಿಯುತ್ತದೆ. ಒತ್ತಲು ಕಷ್ಟವಾದರೆ ಮೇಜಿನ ಮೇಲಿಟ್ಟು ಎದ್ದು ನಿಂತು ಅಂಗೈಯ ಬುಡದಿಂದ ಒತ್ತಿ, ಸುತ್ತಿಗೆ ಬೇಡ. ಅಂಚು ಹರಿದಂತೆ ಬರತೊಡಗಿದರೆ ಅಲ್ಯುಮಿನಿಯಂ ಫಾಯಿಲನ್ನು ಮೂರು ನಾಲ್ಕು ಪದರ ಮಡಿಸಿ ಹತ್ತು ಸಲ ಪಂಚ್ ಮಾಡಿ, ಅಲಗು ಸ್ವಲ್ಪ ಚುರುಕಾಗುತ್ತದೆ. ಬಿಗಿಯಾಗಿ ಎಳೆಯುತ್ತಿದ್ದರೆ ಮೇಣ ಸವರಿದ ಕಾಗದದಲ್ಲಿ ಹತ್ತು ಸಲ ಒತ್ತಿ. ನಮ್ಮ ಹವೆಗೆ ಅಲಗು ತುಕ್ಕು ಹಿಡಿಯುವುದು ಖಚಿತ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಪ್ರತಿ ಪಂಚ್‌ಗೂ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹಾಕಿ, ರದ್ದಿ ಕಾಗದದಲ್ಲಿ ಕಲೆ ಬೀಳದವರೆಗೆ ಒತ್ತಿ ತೆಗೆದು, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ತೀಡುವುದು

ತೀಡಲು ಎರಡು ವಸ್ತು ಬೇಕು. ಕೆಳಗೆ ಮೆತ್ತನೆಯದು, ಮೇಲೆ ಗುಂಡನೆಯದು. ಅಂಗಡಿಯಲ್ಲಿ ಎಂಬಾಸಿಂಗ್ ಕಡ್ಡಿ ಮತ್ತು ಫೋಮ್ ಮ್ಯಾಟ್ ಎಂದು ಮಾರುತ್ತಾರೆ. ನಾನು ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ತೊಳೆದು ಚೌಕವಾಗಿ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಒಳ್ಳೆಯ ಮ್ಯಾಟ್ ನನಗೆ ಸಿಕ್ಕಿಲ್ಲ. ಕಡ್ಡಿಗೆ ಇಂಕು ಮುಗಿದ ಬಾಲ್‌ಪೆನ್, ಗುಂಡು ತಲೆಯ ಸೂಜಿ, ಉಪ್ಪಿನಕಾಯಿ ಚಮಚದ ಬೆನ್ನು ಆಗುತ್ತವೆ.

ಪಂಚ್ ಮಾಡಿದ ಹೂವನ್ನು ಮ್ಯಾಟಿನ ಮೇಲಿಡಿ. ಕಡ್ಡಿಯ ಗುಂಡನ್ನು ದಳದ ತುದಿಯಲ್ಲಿಟ್ಟು ನಡುವಿನ ಕಡೆಗೆ ಎಳೆಯಿರಿ, ಹಗುರವಾಗಿ, ನಾಲ್ಕೈದು ಸಲ. ಕಡ್ಡಿ ಓಡಾಡಿದ ಕಡೆಗೇ ದಳ ಎದ್ದು ಬರುವುದನ್ನು ಕಾಣುತ್ತೀರಿ. ಎಲ್ಲ ದಳಗಳಿಗೂ ಹೀಗೆ ಮಾಡಿ, ಕೊನೆಗೆ ಹೂವಿನ ನಟ್ಟನಡುವೆ ಒಮ್ಮೆ ಒತ್ತಿ ತಿರುಗಿಸಿದರೆ ಹೂ ಬಟ್ಟಲಾಗುತ್ತದೆ. ಹೂವನ್ನು ಮಗುಚಿ ಇದನ್ನೇ ಮಾಡಿದರೆ ದಳಗಳು ಹೊರಗೆ ಬಗ್ಗುತ್ತವೆ. ಈ ಎರಡು ಚಲನೆಗಳನ್ನು ಬೆರೆಸಿಯೇ ಎಲ್ಲ ಹೂಗಳನ್ನೂ ಮಾಡುವುದು. ಮೊದಲ ದಿನ 20 ಹೂಗಳನ್ನು ಬರಿದೆ ತೀಡಿ ಬಿಸಾಡಿ. ಎಷ್ಟು ಒತ್ತಿದರೆ ಕಾಗದ ಮಣಿಯುತ್ತದೆ, ಎಷ್ಟು ಒತ್ತಿದರೆ ಹರಿಯುತ್ತದೆ ಎಂಬುದು ಬೆರಳಿಗೆ ಮಾತ್ರ ಗೊತ್ತಾಗುವ ಸಂಗತಿ, ಬರೆದು ತಿಳಿಸಲಾಗದು.

ಬೇಸಿಗೆಯಲ್ಲಿ ಹಾಳೆ ಗರಿಗರಿಯಾಗಿರುತ್ತದೆ. ಆಗ ಒದ್ದೆ ಬೆರಳನ್ನು ದಳದ ಹಿಂಬದಿಗೆ ಒಮ್ಮೆ ತಾಗಿಸಿ, ಒಂದು ನಿಮಿಷ ಬಿಟ್ಟು ತೀಡಿ. ಮಳೆಗಾಲದಲ್ಲಿ ಇದರ ಅಗತ್ಯವೇ ಬೀಳದು, ಗಾಳಿಯೇ ಆ ಕೆಲಸ ಮಾಡಿರುತ್ತದೆ. ಆದರೆ ಆಗ ಹಾಳೆ ಪಂಚ್‌ನಲ್ಲಿ ಸರಿಯಾಗಿ ಕತ್ತರಿಸುವುದಿಲ್ಲ. ಪಂಚ್‌ಗೆ ಮೊದಲು ಹಾಳೆಯ ಮೇಲೆ ತೆಳು ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಎರಡು ಸಲ ಆಡಿಸಿ.

ತೀಡಿ ಮುಗಿದ ಹೂಗಳನ್ನು ಒಣಗಿಸುವ ಹಂತವನ್ನು ಬಿಡಲೇಬೇಡಿ. ನನ್ನ 40 ಕಾರ್ಡುಗಳು ಕೆಟ್ಟದ್ದು ಇದನ್ನು ಬಿಟ್ಟದ್ದರಿಂದಲೇ. ತಟ್ಟೆಯೊಂದರಲ್ಲಿ ಹೂಗಳನ್ನು ಮುಖ ಮೇಲಾಗಿ ಹರಡಿ, ಹಳೆಯ ಕಾಲದ ಗುಂಡು ಬಲ್ಬಿನ ಕೆಳಗೆ ಒಂದು ಗೇಣು ದೂರದಲ್ಲಿ 15 ನಿಮಿಷ ಇಡಿ. ನಮ್ಮ ಮನೆಯಲ್ಲಿ ಅತ್ತೆ ಇನ್ನೊಂದು ದಾರಿ ತೋರಿಸಿದರು. ಸ್ನಾನದ ನೀರು ಕಾಯಿಸುವ ಒಲೆಯ ಮೇಲೆ ಮಳೆಗಾಲದಲ್ಲಿ ಮಕ್ಕಳ ಬಟ್ಟೆ ಒಣಗಿಸಲು ಕಟ್ಟಿದ ಅಟ್ಟವಿದೆ. ಬೆಂಕಿ ಆರಿ ಕೆಂಡ ಬೂದಿಯಾದ ಮೇಲೆ ಅಲ್ಲಿ ತಟ್ಟೆ ಇಟ್ಟರೆ ಹೂಗಳು ತೊಟ್ಟಿಲಿನಂತಹ ಬೆಚ್ಚನೆಯಲ್ಲಿ ಒಣಗುತ್ತವೆ. ಉರಿ ಇರುವಾಗ ಖಂಡಿತ ಇಡಬೇಡಿ, ಕಾಗದಕ್ಕೆ ಕಿಡಿ ತಾಗಲು ಕ್ಷಣ ಸಾಕು.

ಭಾಗಮಂಡಲ, ನಾಪೋಕ್ಲು ಕಡೆಯ ಜಡಿಮಳೆಯಲ್ಲಿ ಇರುವವರು ಇನ್ನೊಂದು ಹೆಜ್ಜೆ ಸೇರಿಸಿಕೊಳ್ಳಿ. ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು ಬೆರೆಸಿ ಹಾಳೆಗೆ ಬ್ರಷ್‌ನಿಂದ ತೆಳುವಾಗಿ ಬಳಿದು, ಒಣಗಿಸಿ, ದಪ್ಪ ಪುಸ್ತಕದ ಅಡಿ ಒತ್ತಿಟ್ಟು, ಆಮೇಲೆ ಪಂಚ್ ಮಾಡಿ. ಕಾಗದಕ್ಕೆ ಬಿರುಸು ಬರುತ್ತದೆ, ಬಾಗಿಸಿದ್ದು ಹೆಚ್ಚು ದಿನ ನಿಲ್ಲುತ್ತದೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಇಷ್ಟೆಲ್ಲ ಬೇಕಿಲ್ಲ.

ಕಾಫಿ ಹೂವಿನ ಗೊಂಚಲು

ಎಲ್ಲರೂ ಗುಲಾಬಿಯಿಂದ ಆರಂಭಿಸುತ್ತಾರೆ. ನಮ್ಮ ಊರಿನ ಕಾರ್ಡಿಗೆ ನಮ್ಮ ತೋಟದ ಹೂವೇ ಇರಲಿ ಎಂಬುದು ನನ್ನ ಹಟ. ಕಾಫಿ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದಲ್ಲ, ಆಗ ಒಂದು ರೆಂಬೆಯನ್ನು ಹತ್ತಿರದಿಂದ ನೋಡಿ ಬನ್ನಿ. ಹೂ ಎರಡು ಮೂರು ದಿನಕ್ಕೆ ಬಾಡುತ್ತದೆ, ಆದ್ದರಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಎಲೆಗಳು ಎದುರುಬದುರಾಗಿ ಜೋಡಿಯಾಗಿ ಹುಟ್ಟುತ್ತವೆ, ಆ ಎಲೆಯ ಬುಡದಲ್ಲೇ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ಅರೇಬಿಕಾ ಹೂವಿಗೆ ಐದು ದಳ, ರೊಬಸ್ಟಾದಲ್ಲಿ ಆರು, ಏಳು ದಳದವೂ ಕಾಣುತ್ತವೆ. ದಳಗಳು ಕೆಳಗೆ ಕೂಡಿಕೊಂಡು ತೆಳ್ಳನೆಯ ಕೊಳವೆಯಾಗಿವೆ. ದಳ ದಳದ ನಡುವೆ ಒಂದೊಂದು ಕೇಸರ ಹೊರಗೆ ಚಾಚಿಕೊಂಡಿರುತ್ತದೆ. ಕಾಗದದ ಹೂ ಕಾಫಿಯಂತೆ ಕಾಣುವುದು ಈ ಕೇಸರಗಳಿಂದ. ಅವಿಲ್ಲದಿದ್ದರೆ ನೋಡಿದವರು ಮಲ್ಲಿಗೆ ಎನ್ನುತ್ತಾರೆ.

ಒಂದು ಗೊಂಚಲಿಗೆ ಬಿಳಿ ಹಾಳೆಯಿಂದ 12 ಹೂಗಳನ್ನು ಪಂಚ್ ಮಾಡಿ. ನಿಮ್ಮ ಪಂಚ್‌ನ ದಳ ಅಗಲವಾಗಿದ್ದರೆ ಪ್ರತಿ ದಳದ ಎರಡೂ ಬದಿಯನ್ನು ಕತ್ತರಿಯಿಂದ ಒಂದೊಂದು ಸಲ ಸವರಿ ಕಿರಿದು ಮಾಡಿ. ಬೇಸರದ ಕೆಲಸ ನಿಜ, ಆದರೆ ಫಲಿತಾಂಶದಲ್ಲಿ ಎದ್ದು ಕಾಣುತ್ತದೆ.

ಮ್ಯಾಟಿನ ಮೇಲೆ ಮುಖ ಮೇಲಾಗಿ ಇಟ್ಟು ಪ್ರತಿ ದಳವನ್ನು ತೀಡಿ, ನಡುವೆ ಒತ್ತಿ ಆಲಿಕೆಯಂತೆ ಮಾಡಿ. ಈಗ ದಳದ ತುದಿಯನ್ನಷ್ಟೇ ಹಲ್ಲುಕಡ್ಡಿಗೆ ಸುತ್ತಿ ಹೊರಕ್ಕೆ ಬಾಗಿಸಿ. ಬುಡದಲ್ಲಿ ಏಳುವ, ತುದಿಯಲ್ಲಿ ಇಳಿಯುವ ಈ ಎರಡು ಬಾಗು ಸೇರಿದಾಗ ಹೂ ಆಗಷ್ಟೇ ಬಿರಿದಂತೆ ಕಾಣುತ್ತದೆ. ನಡುವೆ ಸೂಜಿಯಿಂದ ತೂತು ಮಾಡಿ, ಹಲ್ಲುಕಡ್ಡಿ ತೂರಿಸಿ ಸ್ವಲ್ಪ ಅಗಲಿಸಿ.

ಕೇಸರಕ್ಕೆ 10 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಉದ್ದದ ಬಿಳಿ ಜೆರಾಕ್ಸ್ ಹಾಳೆಯ ಪಟ್ಟಿ ಸಾಕು. ಇಲ್ಲಿ ತೆಳು ಕಾಗದವೇ ಬೇಕು. ಪಟ್ಟಿಯ ಉದ್ದನೆಯ ಒಂದು ಅಂಚಿನಿಂದ ಅಗಲದ ಅರ್ಧದವರೆಗೆ ನಾಲ್ಕು ಕಡೆ ಸೀಳಿ, ಐದು ಎಳೆಯ ಜಾಲರಿಯಾಗುತ್ತದೆ. ಪ್ರತಿ ಎಳೆಯನ್ನೂ ಕತ್ತರಿಯಿಂದ ಸಣ್ಣಗೆ ಮಾಡಿ. ಸೀಳದ ಭಾಗಕ್ಕೆ ಅಂಟು ಸವರಿ ಸೂಜಿಯ ಸುತ್ತ ಬಿಗಿಯಾಗಿ ಸುತ್ತಿ, ಸೂಜಿ ಎಳೆದು ತೆಗೆಯಿರಿ. ಇದನ್ನು ಹೂವಿನ ತೂತಿನಲ್ಲಿ ಮೇಲಿನಿಂದ ಇಳಿಸಿದರೆ ಕೇಸರವೂ ಆಯಿತು, ಹಿಂದೆ ಇಳಿಯುವ ಕೊಳವೆಯೂ ಆಯಿತು. ಎಳೆಗಳನ್ನು ಚಿಮುಟದಿಂದ ದಳಗಳ ನಡುವಿನ ಸಂದುಗಳಿಗೆ ಬಾಗಿಸಿ, ತುದಿಗೆ ತಿಳಿ ಹಳದಿ ಬಣ್ಣದ ಪೆನ್ಸಿಲ್ ತಾಗಿಸಿ.

12ರಲ್ಲಿ ಮೂರನ್ನು ಅರಳಿಸಬೇಡಿ. ದಳಗಳನ್ನು ಹಲ್ಲುಕಡ್ಡಿಯ ಸುತ್ತ ಮುಚ್ಚಿ, ಬೆರಳಿನಿಂದ ಸ್ವಲ್ಪ ತಿರುಚಿ, ಅಂಟು ಹಾಕಿ ಮೊಗ್ಗು ಮಾಡಿ. ಕಾಫಿ ಮೊಗ್ಗು ಬಿರಿಯುವ ಮೊದಲು ಪುಟ್ಟ ಮೇಣದಬತ್ತಿಯಂತೆ ನೆಟ್ಟಗಿರುತ್ತದೆ. ಎಲ್ಲ ಹೂವೂ ಒಂದೇ ಹದದಲ್ಲಿ ಅರಳಿದ್ದರೆ ಪ್ಲಾಸ್ಟಿಕ್ ಗೊಂಚಲಿನಂತೆ ಕಾಣುತ್ತದೆ.

ಎಲೆ ಕಡು ಹಸಿರು 200 ಜಿಎಸ್‌ಎಂ ಕಾರ್ಡಿನಿಂದ. ನಡುವೆ ಉದ್ದಕ್ಕೆ ಮಡಿಸಿ ಬಿಡಿಸಿ. ಎರಡೂ ಬದಿಗೆ ಬಾಲ್‌ಪೆನ್ನಿನಿಂದ ಆರೇಳು ಓರೆ ನರಗಳನ್ನು ಹಿಂಬದಿಯಿಂದ ಒತ್ತಿ. ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಅಲೆಅಲೆಯಾಗಿ ಮಾಡಿ. ಕೊನೆಗೆ ಬಿಳಿ ಮೇಣದಬತ್ತಿಯನ್ನು ಮೇಲ್ಭಾಗಕ್ಕೆ ಉಜ್ಜಿ, ಹತ್ತಿಬಟ್ಟೆಯಿಂದ ತಿಕ್ಕಿ. ಮಳೆ ತೊಳೆದ ಕಾಫಿ ಎಲೆಯ ಹೊಳಪು ಬರುತ್ತದೆ. ಮೇಣ ಉಜ್ಜಿದ ಕಡೆ ಅಂಟು ಹಿಡಿಯುವುದಿಲ್ಲ, ಹಾಗಾಗಿ ಬುಡದ ಅರ್ಧ ಸೆಂಟಿಮೀಟರ್ ಬಿಟ್ಟು ಉಜ್ಜಿ.

ಜೋಡಿಸುವುದು ಹೀಗೆ. ಕಾರ್ಡಿನ ಮೇಲೆ ಎರಡು ಎಲೆಗಳನ್ನು ಎದುರುಬದುರಾಗಿ, ಬುಡವನ್ನಷ್ಟೇ ಅಂಟಿಸಿ. ಬುಡಗಳು ಸೇರುವ ಕಡೆ 25 ಮಿಲಿಮೀಟರಿನ ಹಸಿರು ವೃತ್ತವನ್ನು, ಎರಡೂ ಬದಿ ಅಂಟುವ ದಪ್ಪನೆಯ ಫೋಮ್ ಟೇಪಿನ ಮೇಲೆ ಕೂರಿಸಿ. ವೃತ್ತದ ಅಂಚಿನ ಸುತ್ತ ಏಳು ಹೂಗಳನ್ನು ಹೊರಗೆ ವಾಲಿಸಿ ಅಂಟಿಸಿ. ಕೊಳವೆಯ ಬದಿಗೆ ಅಂಟು ಹಾಕಿದರೆ ವಾಲುತ್ತದೆ, ತುದಿಗೆ ಹಾಕಿದರೆ ನೆಟ್ಟಗೆ ನಿಲ್ಲುತ್ತದೆ. ಇವು ಒಣಗಿದ ಮೇಲೆ ನಡುವೆ ಎರಡು ನೆಟ್ಟನೆಯ ಹೂ, ಸಂದುಗಳಲ್ಲಿ ಮೊಗ್ಗು. ಒಣಗುವವರೆಗೆ ಕಾಯದೆ ನಡುವಿನ ಹೂ ಇಟ್ಟರೆ ಸುತ್ತಲಿನವು ಜಾರುತ್ತವೆ. ಬೇಸಿಗೆಯಲ್ಲಿ ಹತ್ತು ನಿಮಿಷ, ಜುಲೈನಲ್ಲಿ ಒಂದು ಗಂಟೆ ಎಂದು ನನ್ನ ಲೆಕ್ಕ.

ತೋಕ್ ಪೂ

ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ ಕೋವಿಗೆ ಮುಡಿಸುವ ತೋಕ್ ಪೂ, ಎಂದರೆ ಕೋವಿ ಹೂ, ಕಾಗದದಲ್ಲಿ ಮಾಡಲು ಇನ್ನೂ ಚೆಂದ. ಗೌರಿ ಹೂ, ಅಗ್ನಿಶಿಖೆ ಎಂದೆಲ್ಲ ಕರೆಯುವ ಈ ಬಳ್ಳಿಯ ಎಲ್ಲ ಭಾಗವೂ ವಿಷ, ಗಡ್ಡೆಯಂತೂ ಹೆಚ್ಚು. ಆದ್ದರಿಂದ ಪುಟ್ಟ ಮಕ್ಕಳಿರುವ ಮನೆಯ ಅಲಂಕಾರಕ್ಕೆ ಕಾಗದದ್ದೇ ಲೇಸು. ಇದಕ್ಕೆ ಹೂವಿನ ಪಂಚ್ ಬೇಡ, ಉದ್ದನೆಯ ಎಲೆಯ ಪಂಚ್ ಬೇಕು. ಹಳದಿ ಕಾಗದದಲ್ಲಿ ಆರು ಎಲೆ ಒತ್ತಿ, ತುದಿಯಿಂದ ಅರ್ಧದವರೆಗೆ ಕೆಂಪು ಪೆನ್ಸಿಲ್ ಹಚ್ಚಿ ಬೆರಳಿನಿಂದ ಹರಡಿ. ಅಂಚನ್ನು ಉಗುರಿನಿಂದ ಚಿವುಟುತ್ತ ಹೋಗಿ ಅಲೆ ಮಾಡಿ. ಈ ಹೂವಿನ ಮುಖ ಕೆಳಗೆ, ದಳ ಮೇಲಕ್ಕೆ. ಹಾಗಾಗಿ ಆರೂ ದಳಗಳ ಬುಡವನ್ನು ಚಿಕ್ಕ ವೃತ್ತಕ್ಕೆ ಅಂಟಿಸಿ, ಎಲ್ಲವನ್ನೂ ಹಿಂದಕ್ಕೆ ಮಡಚಿ ಬೆಂಕಿಯ ನಾಲಗೆಗಳಂತೆ ಒಟ್ಟು ಸೇರಿಸಿ. ಕೆಳಗಿನಿಂದ ಆರು ಹಸಿರು ಮಿಶ್ರಿತ ಹಳದಿ ಕೇಸರದ ಎಳೆಗಳು ಸುತ್ತಲೂ ಅಡ್ಡಕ್ಕೆ ಚಾಚಿಕೊಂಡಿರಲಿ. ಹೂವಿನ ಪಕ್ಕ ಇಡುವ ಹಸಿರು ಎಲೆಯ ತುದಿಯನ್ನು ಹಲ್ಲುಕಡ್ಡಿಗೆ ಎರಡು ಸುತ್ತು ಸುತ್ತಿ ಬಿಡಿ. ಈ ಬಳ್ಳಿ ಹಬ್ಬುವುದೇ ಎಲೆಯ ತುದಿಯ ಕುಡಿಯಿಂದ, ನೋಡಿದವರು ಅದನ್ನು ಗುರುತಿಸುತ್ತಾರೆ.

ಕಾಳುಮೆಣಸಿನ ಗೆರೆಗೆ, ಎಂದರೆ ಕಾಳಿನ ಉದ್ದನೆಯ ಗೊಂಚಲಿಗೆ, ಕಚೇರಿಯಲ್ಲಿ ಕಡತಕ್ಕೆ ತೂತು ಹಾಕುವ ಪಂಚ್ ಸಾಕು. ಅದರಿಂದ ಉದುರುವ 6 ಮಿಲಿಮೀಟರಿನ ಹಸಿರು ಚುಕ್ಕೆಗಳನ್ನು ಬಾಲ್‌ಪೆನ್ನಿನಿಂದ ಮ್ಯಾಟಿಗೆ ಒತ್ತಿದರೆ ಪುಟ್ಟ ಬಟ್ಟಲಾಗುತ್ತವೆ. ಬೋರಲು ಹಾಕಿ ದಾರದ ಎರಡೂ ಬದಿಗೆ ಒತ್ತಾಗಿ ಅಂಟಿಸಿ. ನಡುನಡುವೆ ಒಂದೆರಡು ಕೆಂಪಗಿರಲಿ. ಚಿಟ್ಟೆ ಬೇಕೆಂದರೆ ಒಂದೇ ಪಂಚ್‌ನಿಂದ ಎರಡು ಒತ್ತಿ, ಮೈಯ ಗೆರೆಗಷ್ಟೇ ಅಂಟು ಹಾಕಿ ಒಂದರ ಮೇಲೊಂದು ಕೂರಿಸಿ, ಮೇಲಿನದರ ರೆಕ್ಕೆಯನ್ನು ಎತ್ತಿ ಬಿಡಿ.

ಲಕೋಟೆಗೆ ಹಾಕುವ ಮೊದಲು

ಇಷ್ಟು ಎತ್ತರದ ಹೂವನ್ನು ಮಾಮೂಲಿ ಲಕೋಟೆಗೆ ಹಾಕಿದರೆ ಅಂಚೆಯಲ್ಲಿ ಅಪ್ಪಚ್ಚಿಯಾಗುತ್ತದೆ. ರಟ್ಟಿನ ಪೆಟ್ಟಿಗೆಯಿಂದ 1 ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಕತ್ತರಿಸಿ ಕಾರ್ಡಿನ ಅಳತೆಗೆ ಚೌಕಟ್ಟು ಮಾಡಿ, ಹೂವಿಗಿಂತ ಎರಡು ಮೂರು ಮಿಲಿಮೀಟರ್ ಎತ್ತರ ಬರುವಷ್ಟು ಪದರ ಜೋಡಿಸಿ. ಕಾರ್ಡನ್ನು ಅದರೊಳಗೆ ಕೂರಿಸಿ, ಮೇಲೆ ಕೆಳಗೆ ರಟ್ಟು ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸಿಲಿಕಾ ಪೊಟ್ಟಣದ ಜೊತೆ ಮುಚ್ಚಿ, ಆಮೇಲೆ ದಪ್ಪ ಲಕೋಟೆಗೆ ಹಾಕಿ. ಚೀಲದ ಬಾಯಿ ಮುಚ್ಚುವುದು ಮಳೆ ನಿಂತ ಮಧ್ಯಾಹ್ನವಾಗಿರಲಿ, ಇಲ್ಲವೇ ಬಲ್ಬಿನ ಕೆಳಗಿನಿಂದ ತೆಗೆದ ಕೂಡಲೇ ಮುಚ್ಚಿ. ತೇವದ ಗಾಳಿಯನ್ನು ಒಳಗಿಟ್ಟು ಮುಚ್ಚಿದರೆ ಹೂ ಹೊರಟ ದಿನವೇ ಮಲಗಿರುತ್ತದೆ.